ನೆಟ್ ಬತ್ತಿಲ್ಲ ಅನ್ಬೇಡಿ, ಚಿಪ್ ಯಾವ್ದು ಹೇಳಿ: ಲಿನಕ್ಸ್‌ನಲ್ಲಿ ವೈಫೈ ಕೈಕೊಟ್ರೆ ಹುಡುಕೋ ದಾರಿ

ಮಂಡ್ಯದಲ್ಲಿ ನಮ್ಮಕ್ಕನ ಮಗ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಕೊಂಡಿದಾನೆ. ಬೋರ್ಡಲ್ಲಿ ಜೆರಾಕ್ಸ್ ಅಂತಿದೆ ಅಷ್ಟೇ, ನಿಜವಾಗ್ಲೂ ಅಲ್ಲಿ ನಡೆಯೋದು ಆನ್‌ಲೈನ್ ಅರ್ಜಿ, ಪಹಣಿ, ಜಾತಿ-ಆದಾಯ ಸರ್ಟಿಫಿಕೇಟು, ಸ್ಕಾಲರ್‌ಶಿಪ್ಪು, ಹಿಂಗೆ. ನೆಟ್ ಇಲ್ಲ ಅಂದ್ರೆ ಅಂಗಡಿ ಬಾಗ್ಲು ಹಾಕ್ದಂಗೇ ಲೆಕ್ಕ. ಎರಡು ಮಿಷನ್ ಇದೆ, ಒಂದು ಹಳೇ ಲ್ಯಾಪ್‌ಟಾಪು, ಇನ್ನೊಂದು ಯಾರೋ ಜೋಡಿಸಿಕೊಟ್ಟ ಡೆಸ್ಕ್‌ಟಾಪು, ಅದಕ್ಕೆ ಯುಎಸ್‌ಬಿ ವೈಫೈ ಡಾಂಗಲ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ವಿಂಡೋಸ್ 11 ಎರಡರಲ್ಲೂ ಕೂರಲ್ಲ, ಹೊಸದು ತಗೊಳ್ಳೋಷ್ಟು ದುಡ್ಡಿಲ್ಲ, ಸರಿ ನಾನು ಹೇಳ್ತಿದ್ದೆ ಅಂತ ಅವನೇ ಒಂದಿನ ರಾತ್ರಿ ಕೂತು ನನ್ನ ಹಳೇ ಪೆನ್‌ಡ್ರೈವ್ ಇಟ್ಕೊಂಡು ಎರಡಕ್ಕೂ ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಮಿಂಟ್ ಹಾಕ್ಬುಟ್ಟ. ಬೆಳಿಗ್ಗೆ ಏಳಕ್ಕೇ ಫೋನು: "ಮಾವ, ಎರಡ್ರಲ್ಲೂ ನೆಟ್ ಬತ್ತಾ ಇಲ್ಲ, ವೈಫೈ ಗುರ್ತೇ ಕಾಣಾಕಿಲ್ಲ, ಲಿನಕ್ಸೇ ಸರಿ ಇಲ್ಲ ಕಣ್ ಮಾವ, ವಾಪಸ್ ವಿಂಡೋಸ್ ಹಾಕ್ಕೊಡು."

ಎರಡರಲ್ಲೂ ಕಾಯಿಲೆ ಒಂದೇ ಥರ ಕಾಣ್ತಿತ್ತು, ಆದ್ರೆ ಕಾರಣ ಎರಡೂ ಬೇರೆ ಬೇರೆ. ಅದನ್ನ ಹುಡುಕಿದ ದಾರಿ ಇಲ್ಲಿ ಬರೀತಿದೀನಿ, ಜೊತೆಗೆ ಈ ವೈಫೈ ಡ್ರೈವರ್ (ಕಾರ್ಡನ್ನ ಮಾತಾಡ್ಸೋ ಪ್ರೋಗ್ರಾಮು) ಮಾತ್ರ ಯಾಕೆ ಯಾವಾಗ್ಲೂ ಹಿಂಗೆ ಅನ್ನೋದನ್ನೂ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಿಲ್ದೆ ಕಮಾಂಡ್ ಹೊಡ್ಕೊಂಡು ಹೋದ್ರೆ ಕತ್ತಲಲ್ಲಿ ಕೋಣ ಹುಡುಕ್ದಂಗೆ ಆಗುತ್ತೆ. ಇನ್ನೊಂದು ಮಾತು, ಕಮಾಂಡುಗಳನ್ನೂ ಕನ್ನಡದಲ್ಲೇ ಅಕ್ಷರ ಬಿಡಿಸಿ ಬರ್ದಿದೀನಿ, ಟರ್ಮಿನಲ್‌ನಲ್ಲಿ ಹೊಡೆಯೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ, ಫೈಲು-ಫೋಲ್ಡರ್ ಹೆಸರು ಮಾತ್ರ ಅಲ್ಲಿರೋ ಥರಾನೇ.

ಮೊದ್ಲು ಫೋನ್ ಚುಚ್ಚಿ

ನೆಟ್ ಇಲ್ದೆ ಡ್ರೈವರ್ ಇಳಿಸೋಕಾಗಲ್ಲ, ಡ್ರೈವರ್ ಇಲ್ದೆ ನೆಟ್ ಬರಲ್ಲ. ಇದಕ್ಕೆ ಮದ್ದು ನಿಮ್ಮ ಜೇಬಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಐದು ಸೆಕೆಂಡಲ್ಲಿ ವೈರ್ಡ್ ಕನೆಕ್ಷನ್ ಅಂತ ಬರುತ್ತೆ, ಬ್ರೌಸರ್ ಓಡುತ್ತೆ. ಬರೀ ಚಾರ್ಜ್ ಆಗೋ ಚೀಪ್ ಕೇಬಲ್ ಹಾಕ್ಕೊಂಡು ಬರ್ತಿಲ್ಲ ಅಂತ ಒದ್ದಾಡ್ಬೇಡಿ, ನಾನು ಅರ್ಧ ಗಂಟೆ ಹಂಗೆ ಹಾಳು ಮಾಡಿದೀನಿ.

ಅಳಿಯನಿಗೆ ಇದು ಕಂಡು ಆಶ್ಚರ್ಯ. ಎಂಟು ಸಾವಿರದ ಫೋನು ಕೇಬಲ್ ಹಾಕಿದ ತಕ್ಷಣ ನೆಟ್ ಕೊಡುತ್ತೆ, ಮದರ್‌ಬೋರ್ಡ್ ಒಳಗೇ ಕೂತಿರೋ ವೈಫೈ ಕಾರ್ಡ್ ಕೊಡಲ್ಲ ಅಂದ್ರೆ ಏನರ್ಥ? ಅವನು ಕೇಳಿದ್ದು ಸರಿಯಾದ ಪ್ರಶ್ನೆ, ಇಡೀ ಕಥೆ ಇಲ್ಲೇ ಇರೋದು.

ಯುಎಸ್‌ಬಿ ಮೇಲೆ ನೆಟ್ ಕಳಿಸೋದು ಹೆಂಗೆ ಅಂತ ಮೊದ್ಲೇ ಬರೆದಿಟ್ಟ ಮಾತುಕತೆ ಇದೆ, ಸಿಡಿಸಿ ಅಂತ ಒಂದು, ಮೈಕ್ರೋಸಾಫ್ಟಿನ ಆರ್‌ಎನ್‌ಡಿಐಎಸ್ ಅಂತ ಇನ್ನೊಂದು. ಆಂಡ್ರಾಯ್ಡ್ ಫೋನ್ ಯಾವ ಕಂಪನೀದಾದ್ರೂ ಇದ್ರಲ್ಲಿ ಒಂದು ಭಾಷೆ ಮಾತಾಡುತ್ತೆ, ಲಿನಕ್ಸಿಗೆ ಎರಡೂ ಬರುತ್ತೆ. ಫೋನಿನ ಒಳಗಿರೋ ರೇಡಿಯೋ ಚಿಪ್ಪಿನ ತಲೆನೋವು ಫೋನ್ ಮಾಡಿದೋನ್ದು, ಕಂಪ್ಯೂಟರಿಗೆ ಅದರ ಗೊಡವೆ ಇಲ್ಲ. ಪೆನ್‌ಡ್ರೈವ್ ಹಂಗೇ, ಕೀಬೋರ್ಡ್ ಹಂಗೇ, ವೆಬ್‌ಕ್ಯಾಮ್ ಹಂಗೇ. ಎನ್‌ವಿಎಂಇ ಎಸ್‌ಎಸ್‌ಡಿ ಯಾವ ಬ್ರಾಂಡ್ ತಂದು ಹಾಕಿದ್ರೂ ಒಂದೇ ಡ್ರೈವರ್ ಸಾಕು. ವೈಫೈಗೆ ಈ ಭಾಗ್ಯ ಇಲ್ಲ.

ನಾಲೆ ಒಂದೇ, ತೂಬು ಬೇರೆ

ವೈಫೈ ಸ್ಟ್ಯಾಂಡರ್ಡ್ ಅಲ್ವಾ, 802.11 ಅಂತ ಐಇಇಇ ಅನ್ನೋ ಇಂಜಿನಿಯರುಗಳ ಸಂಘ ಮಾಡಿರೋದು, ಮತ್ತೆ ಡ್ರೈವರ್ ಯಾಕೆ ನೂರೆಂಟು ಅಂತ ಬಹಳ ಜನ ಕೇಳ್ತಾರೆ. 802.11 ಹೇಳೋದು ಗಾಳೀಲಿ ಏನಾಗ್ಬೇಕು ಅನ್ನೋದನ್ನ. ಯಾವ ಫ್ರೀಕ್ವೆನ್ಸಿ, ಪ್ಯಾಕೆಟ್ ಹೆಂಗಿರ್ಬೇಕು, ರೂಟರ್ ಜೊತೆ ಕೈ ಹೆಂಗೆ ಕುಲುಕ್ಬೇಕು, ಎಲ್ಲ ಬರ್ದಿದೆ. ಆದ್ರೆ ಆ ಚಿಪ್ಪು ತನ್ನ ಪಕ್ಕದಲ್ಲೇ ಕೂತಿರೋ ಕಂಪ್ಯೂಟರ್ ಹತ್ರ ಹೆಂಗೆ ಮಾತಾಡ್ಬೇಕು, ಯಾವ ರಿಜಿಸ್ಟರ್‌ನಲ್ಲಿ ಏನಿರ್ಬೇಕು, 'ಸ್ಕ್ಯಾನ್ ಮಾಡು' ಅಂತ ಹೇಳೋಕೆ ಯಾವ ಕಮಾಂಡ್ ಕಳಿಸ್ಬೇಕು, ಇದರ ಬಗ್ಗೆ ಚಕಾರ ಇಲ್ಲ. ನಮ್ಮ ವಿಸಿ ನಾಲೆ (ವಿಶ್ವೇಶ್ವರಯ್ಯ ನಾಲೆ) ನೆನಪಿಸ್ಕೊಳ್ಳಿ. ನಾಲೇಲಿ ನೀರು ಯಾವಾಗ, ಎಷ್ಟು ಅನ್ನೋದಕ್ಕೆ ಇಲಾಖೆ ರೂಲ್ಸ್ ಇದೆ, ಆದ್ರೆ ತೂಬಿಂದ ಈಚೆಗೆ ಕಾಲುವೆ ತೋಡ್ಕೊಂಡು ಗದ್ದೆಗೆ ಹಾಯ್ಸೋದು ಅವರವರ ಪಾಡು, ಒಬ್ಬ ಮಣ್ಣಲ್ಲಿ ಮಾಡ್ತಾನೆ, ಒಬ್ಬ ಪೈಪ್ ಹಾಕ್ತಾನೆ, ಒಬ್ಬ ಪಕ್ಕದೋನ ಬದು ಒಡೀತಾನೆ. ವೈಫೈ ಕಂಪನಿಗಳು ತೂಬಿನ ಈಚೆಗಡೆ ಮಾಡ್ಕೊಂಡಿರೋದೂ ಹಂಗೇನೆ.

ಪಿಸಿಐನಲ್ಲಿ (ಮದರ್‌ಬೋರ್ಡಿಗೆ ಕಾರ್ಡು ಸೇರೋ ದಾರಿ) ಪ್ರತಿ ಕಾರ್ಡಿಗೂ ಒಂದು ಜಾತಿ ನಂಬರ್ ಇರುತ್ತೆ, ಕ್ಲಾಸ್ ಕೋಡ್ ಅಂತಾರೆ. ಎನ್‌ವಿಎಂಇ ಡಿಸ್ಕಿಗೆ 0108, ಅದು ನೋಡಿದ ತಕ್ಷಣ ಹೆಂಗೆ ಮಾತಾಡ್ಸಬೇಕು ಅಂತ ಗೊತ್ತಾಗುತ್ತೆ. ವೈಫೈ ಕಾರ್ಡಿಗೆ ಸಾಮಾನ್ಯವಾಗಿ ಇರೋದು 0280. 02 ಅಂದ್ರೆ ನೆಟ್‌ವರ್ಕ್, 80 ಅಂದ್ರೆ 'ಇತರೆ'. ಅಳಿಯನಿಗೆ ಇದು ಒಂದೇ ಏಟಿಗೆ ಅರ್ಥ ಆಯ್ತು, ದಿನಾ ಅರ್ಜಿ ತುಂಬೋನು, ಅರ್ಜೀಲಿ 'ಇತರೆ' ಕಾಲಂಗೆ ಟಿಕ್ ಹಾಕಿದ್ರೆ ಆ ಫೈಲು ಎಲ್ಲಿಗೆ ಹೋಗುತ್ತೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗ್ ಗೊತ್ತು.

ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಮಜಾ ಇತ್ತು. ಅದರ ಬ್ಲೂಟೂತ್ ಸ್ಪೀಕರ್ ಮೊದಲ ದಿನದಿಂದ್ಲೂ ಹಾಡ್ತಾ ಇತ್ತು, ವೈಫೈ ಮಾತ್ರ ಇಲ್ಲ. ಬ್ಲೂಟೂತೂ ವೈಫೈಯೂ ಇರೋದು ಒಂದೇ ಕಾರ್ಡಿನ ಮೇಲೆ, ಆಂಟೆನಾ ವೈರೂ ಒಂದೇ! ಆದ್ರೆ ಬ್ಲೂಟೂತ್ ಸ್ಟ್ಯಾಂಡರ್ಡ್ ಬರೆದೋರು ಎಚ್‌ಸಿಐ ಅಂತ ಒಂದು ಅಧ್ಯಾಯ ಸೇರಿಸಿದ್ರು, ಚಿಪ್ಪು ಕಂಪ್ಯೂಟರ್ ಜೊತೆ ಹೆಂಗೆ ಮಾತಾಡ್ಬೇಕು ಅಂತ. ಅದಕ್ಕೇ ಕಾರ್ಡಿನ ಆ ಅರ್ಧಕ್ಕೆ ಬಿಟಿಯುಎಸ್‌ಬಿ ಅನ್ನೋ ಒಂದು ಡ್ರೈವರು ಹೆಚ್ಚುಕಮ್ಮಿ ಎಲ್ಲರಿಗೂ ಆಗುತ್ತೆ, ಫರ್ಮ್‌ವೇರ್ (ಚಿಪ್ಪಿನೊಳಗೆ ಓಡೋ ಪ್ರೋಗ್ರಾಮು) ವಿಷ್ಯದಲ್ಲಿ ಅಲ್ಲೂ ತಕರಾರು ಇದ್ದೇ ಇದೆ, ಆದ್ರೂ ಮಾತಾಡೋ ಭಾಷೆ ಒಂದೇ.

ಹಂಗಾಗಿ 'ಲಿನಕ್ಸಲ್ಲಿ ವೈಫೈ ಬರುತ್ತಾ' ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಚಿಪ್ಪು, ಯಾವ ಕರ್ನಲ್ಲು (ಡ್ರೈವರುಗಳೆಲ್ಲ ಕೂರೋ ಲಿನಕ್ಸಿನ ತಿರುಳು), ಈ ಎರಡು ಹೇಳಿದ್ರೆ ಮಾತ್ರ ಉತ್ತರ.

ಚಿಪ್ಪಿನ ಹೆಸರು ಕೇಳೋದು

ಲ್ಯಾಪ್‌ಟಾಪ್ ಒಳಗಿನ ಕಾರ್ಡ್ ಆದ್ರೆ ಟರ್ಮಿನಲ್ (ಕಮಾಂಡ್ ಹೊಡೆಯೋ ಕಿಟಕಿ) ತೆಗ್ದು ಎಲ್-ಎಸ್-ಪಿ-ಸಿ-ಐ, ಒಂದು ಸ್ಪೇಸ್, ಮೈನಸ್, ಎನ್-ಎನ್-ಕೆ. ಡಾಂಗಲ್ ಆದ್ರೆ ಎಲ್-ಎಸ್-ಯು-ಎಸ್-ಬಿ. ಕಣ್ಣಿಗೆ ಬೀಳೋ ಕಂಪನಿ ಹೆಸರು ನಂಬ್ಬೇಡಿ, ಪಕ್ಕದಲ್ಲಿ ಕೋಲನ್ ಹಾಕಿ ನಾಲ್ಕು ನಾಲ್ಕು ಅಕ್ಷರದ ಎರಡು ನಂಬರ್ ಇರುತ್ತೆ ನೋಡಿ, ಅದೇ ನಿಜವಾದ ಆಧಾರ್ ನಂಬರ್. ಒಳಗಿನ ಕಾರ್ಡುಗಳಲ್ಲಿ ಮೊದಲ ನಾಲ್ಕು 8086 ಆದ್ರೆ ಇಂಟೆಲ್, 10ಇಸಿ ಆದ್ರೆ ರಿಯಲ್‌ಟೆಕ್, 168ಸಿ ಆದ್ರೆ ಅಥೆರಾಸ್, 14ಇ4 ಆದ್ರೆ ಬ್ರಾಡ್‌ಕಾಮ್, 14ಸಿ3 ಆದ್ರೆ ಮೀಡಿಯಾಟೆಕ್. ಇಡೀ ಎಂಟು ಅಕ್ಷರ ಒಂದು ಚೀಟೀಲಿ ಬರ್ಕೊಳ್ಳಿ. ಹುಡುಕೋವಾಗ ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹಾಕಿ ಹುಡುಕ್ಬೇಡಿ, ಈ ನಂಬರ್ ಹಾಕಿ ಹುಡುಕಿ, ಒಂದೇ ಮಾಡೆಲ್ ಲ್ಯಾಪ್‌ಟಾಪಲ್ಲಿ ಈ ತಿಂಗಳು ಒಂದು ಕಾರ್ಡು ಮುಂದಿನ ತಿಂಗಳು ಇನ್ನೊಂದು ಕಾರ್ಡು ಇರುತ್ತೆ.

ಎರಡು ಕಮಾಂಡಲ್ಲೂ ಕಾರ್ಡೇ ಕಾಣ್ಲಿಲ್ಲ ಅಂದ್ರೆ ಅದು ಡ್ರೈವರ್ ಸಮಸ್ಯೆ ಅಲ್ಲ. ಬಯಾಸ್‌ನಲ್ಲಿ ಆಫ್ ಆಗಿರ್ಬೋದು, ಕಾರ್ಡ್ ಸಡಿಲ ಆಗಿರ್ಬೋದು, ಇಲ್ಲ ಸತ್ತಿರ್ಬೋದು.

ಕಂಡ್ರೆ ಅದೇ ಎಲ್‌ಎಸ್‌ಪಿಸಿಐ ಉತ್ತರದ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತ ಒಂದು ಸಾಲು ಇದೆಯಾ ನೋಡಿ. ಆ ಸಾಲಿದ್ರೆ ಡ್ರೈವರ್ ಬಂದು ಕೂತಿದೆ, ತೊಂದ್ರೆ ಮುಂದೆಲ್ಲೋ ಇದೆ. ಇಲ್ಲ ಅಂದ್ರೆ ಆ ಚಿಪ್ಪಿನ ಭಾಷೆ ಬರೋರು ನಿಮ್ಮ ಕರ್ನಲ್‌ನಲ್ಲಿ ಯಾರೂ ಇಲ್ಲ, ಅಥವಾ ಇದ್ರೂ ಒಳಗೆ ಬಿಡ್ತಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಸಾಲು ಇರ್ಲಿಲ್ಲ.

ಇದಕ್ಕೂ ಮುಂಚೆ ಒಂದು ಪುಟಾಣಿ ಚೆಕ್, ಆರ್-ಎಫ್-ಕಿಲ್ ಅಂತ ಒಂದು ಕಮಾಂಡ್, ಪಕ್ಕ ಲಿಸ್ಟ್ ಅಂತ ಹೊಡೀರಿ. ಸಾಫ್ಟ್ ಬ್ಲಾಕ್ ಯೆಸ್ ಅಂದ್ರೆ ಅದೇ ಕಮಾಂಡ್ ಪಕ್ಕ ಅನ್‌ಬ್ಲಾಕ್ ವೈಫೈ ಅಂತ ಹೊಡೆದ್ರೆ ಮುಗೀತು. ಹಾರ್ಡ್ ಬ್ಲಾಕ್ ಯೆಸ್ ಅಂದ್ರೆ ಲ್ಯಾಪ್‌ಟಾಪಿನ ಅಂಚಲ್ಲಿ ಎಲ್ಲೋ ಉಗುರಷ್ಟು ಸ್ವಿಚ್ಚು ಇರುತ್ತೆ, ಇಲ್ಲ ಫಂಕ್ಷನ್ ಕೀ ಇರುತ್ತೆ, ಬ್ಯಾಗಿಗೆ ಹಾಕೋವಾಗ ತಾಗಿ ಆಫ್ ಆಗಿರುತ್ತೆ. ವಿಂಡೋಸೂ ಲಿನಕ್ಸೂ ಎರಡೂ ಇಟ್ಕೊಂಡೋರು ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅದು ಪೂರ್ತಿ ಶಟ್‌ಡೌನ್ ಆಗ್ದೆ ಕಾರ್ಡನ್ನ ಅರೆನಿದ್ದೇಲಿ ಬಿಟ್ಟು ಹೋಗಿರುತ್ತೆ, ಲಿನಕ್ಸ್ ಬಂದು ಎಬ್ಬಿಸಿದ್ರೆ ಏಳಲ್ಲ.

ಲ್ಯಾಪ್‌ಟಾಪಿನ ಕಥೆ

ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಅಂತ ಒಂದು ಪ್ರೋಗ್ರಾಂ ಇದೆ. ಫೋನಿನ ನೆಟ್ ಇಟ್ಕೊಂಡು ಅದನ್ನ ತೆಗೆದ್ವಿ, ಈ ಕಾರ್ಡಿಗೆ ಕಂಪನಿಯವರ ಮುಚ್ಚಿದ (ಕೋಡ್ ತೋರಿಸ್ದೇ ಇರೋ) ಡ್ರೈವರ್ ಒಂದಿದೆ ಹಾಕ್ಲಾ ಅಂತ ಕೇಳ್ತು, ಹೂಂ ಅಂದ್ವಿ. ಹಾಕ್ತು. ಪಾಸ್‌ವರ್ಡ್ ಒಂದು ಕೊಡು ಅಂತು, ಅಳಿಯ ಕೊಟ್ಟ. ರೀಸ್ಟಾರ್ಟ್. ಏನೂ ಇಲ್ಲ! ಮತ್ತೆ ಮೊದಲಿನಂಗೇ.

ಈಗ ಊಹೆ ಮಾಡ್ತಾ ಕೂರೋ ಬದ್ಲು ಡ್ರೈವರನ್ನ ಕೈಯಾರೆ ಎಬ್ಬಿಸಿ ನೋಡ್ಬೇಕು, ಸುಡೋ ಮಾಡ್‌ಪ್ರೋಬ್ ಅಂತ ಹೊಡ್ದು ಪಕ್ಕದಲ್ಲಿ ಡ್ರೈವರ್ ಹೆಸರು. ಬಂದ ಉತ್ತರ: 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್'. ಈ ಸಾಲು ಕಂಡ್ರೆ ಬೇರೆಲ್ಲೂ ಹುಡುಕ್ಬೇಡಿ, ಅದು ಸೆಕ್ಯೂರ್ ಬೂಟ್, ಗುರ್ತಿಲ್ಲದ ಸಹಿಯ ಕೋಡನ್ನ ಒಳಗೆ ಬಿಡದ ಕಾವಲು. ಕರ್ನಲ್ ಜೊತೇಲೇ ಬಂದ ಡ್ರೈವರುಗಳಿಗೆ ಸಹಿ ಇರುತ್ತೆ, ಹೊರಗಿಂದ ತಂದು ನಿಮ್ಮ ಮಿಷನ್ನಲ್ಲೇ ಕಟ್ಟಿದ ಡ್ರೈವರ್ರಿಗೆ ನಿಮ್ಮದೇ ಸಹಿ, ಆ ಸಹೀನ ಬೂಟ್ ಆಗೋವಾಗ ಮೊದ್ಲು ಓಡೋ ಶಿಮ್ ಅನ್ನೋ ಪ್ರೋಗ್ರಾಮಿಗೆ ಪರಿಚಯ ಮಾಡಿಸ್ಬೇಕು. ಪರಿಚಯ ಮಾಡ್ಸೋದಕ್ಕೆ ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬರುತ್ತೆ, ಎನ್‌ರೋಲ್ ಎಂಒಕೆ (ಮಿಷನ್ ಓನರ್ ಕೀ, ಅಂದ್ರೆ ನಿಮ್ಮದೇ ಸಹಿ) ಅಂತ ಇರುತ್ತೆ, ಅದನ್ನ ಆರಿಸಿ ಆ ಪಾಸ್‌ವರ್ಡ್ ಕೊಡ್ಬೇಕು. ಕೆಲವು ಸೆಕೆಂಡ್ ಸುಮ್ಮನೆ ಬಿಟ್ರೆ ತಾನೇ ಹೊರಟೋಗುತ್ತೆ.

"ಏನೋ ನೀಲಿ ಬಂತಾ?" ಅಂದೆ. "ಬಂತು ಕಣ್ ಮಾವ, ವೈರಸ್ಸು ಅನ್ಕಂಡು ಕಂಟಿನ್ಯೂ ಬೂಟ್ ಒತ್ಬುಟ್ಟೆ" ಅಂದ.

ಅವನದೇನೂ ತಪ್ಪಿಲ್ಲ, ಆ ಪರದೆ ನೋಡಿದ್ರೆ ಯಾರಿಗಾದ್ರೂ ಭಯ ಆಗುತ್ತೆ. ಮತ್ತೆ ಪರಿಚಯ ಮಾಡಿಸಿದ್ವಿ, ಸುಡೋ ಎಂಒಕೆಯುಟಿಲ್ ಅಂತ ಹೊಡ್ದು, ಸ್ಪೇಸ್ ಬಿಟ್ಟು, ಎರಡು ಮೈನಸ್ ಹಾಕಿ ಇಂಪೋರ್ಟ್ ಅಂತ ಕೊಟ್ಟು, ಸ್ಲಾಶ್ ವಾರ್ ಸ್ಲಾಶ್ ಲಿಬ್ ಕೆಳಗೆ ಶಿಮ್-ಸೈನ್ಡ್ ಫೋಲ್ಡರಲ್ಲಿರೋ ಕೀ ಫೈಲು ತೋರಿಸಿ, ರೀಸ್ಟಾರ್ಟ್, ನೀಲಿ ಪರದೆ, ಎನ್‌ರೋಲ್, ಪಾಸ್‌ವರ್ಡ್. ವೈಫೈ ಬಂತು. ಸೆಕ್ಯೂರ್ ಬೂಟ್ ಆಫೇ ಮಾಡ್ಬಿಡಿ ಅಂತ ಬಹಳ ಜನ ಹೇಳ್ತಾರೆ, ಆಗುತ್ತೆ, ನಾನಂತೂ ಜನರ ಆಧಾರು ಬ್ಯಾಂಕ್ ಪಾಸ್‌ಬುಕ್ಕು ಸ್ಕ್ಯಾನ್ ಮಾಡೋ ಮಿಷನ್ನಲ್ಲಿ ಹಂಗೆ ಮಾಡಲ್ಲ.

ಕಂಪನಿಗಳು ಯಾಕೆ ಬಾಯಿ ಬಿಡಲ್ಲ

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ 'ಮುಚ್ಚಿದ ಡ್ರೈವರ್' ಅಂದ್ನಲ್ಲ, ಅದು ಯಾಕೆ ಮುಚ್ಚಿದೆ ಅಂತ ಅಳಿಯ ಕೇಳಿದ, ನಾನು ಹೇಳ್ತಾ ಹೇಳ್ತಾ ಎರಡು ಕಾಫಿ ಖಾಲಿ ಆಯ್ತು.

ವೈಫೈ ಚಿಪ್ಪು ಅಂದ್ರೆ ಅರ್ಧ ರೇಡಿಯೋ, ಅರ್ಧ ಕಂಪ್ಯೂಟರ್. ಅದರೊಳಗೆ ಅದರದ್ದೇ ಪ್ರೊಸೆಸರ್, ಅದರ ಮೇಲೆ ಓಡೋ ಪುಟ್ಟ ಪ್ರೋಗ್ರಾಮೇ ಫರ್ಮ್‌ವೇರು. 802.11ರ ಕೆಲಸದಲ್ಲಿ ಎಷ್ಟು ಭಾಗ ಚಿಪ್ಪು ಮಾಡ್ಬೇಕು, ಎಷ್ಟು ಭಾಗ ನಮ್ಮ ಕಂಪ್ಯೂಟರ್ ಮಾಡ್ಬೇಕು ಅನ್ನೋದ್ರಲ್ಲೇ ಒಮ್ಮತ ಇಲ್ಲ. ಕೆಲವರು ಎಲ್ಲಾ ಒಳಗೇ ಮಾಡ್ಕೊಂಡು 'ಪ್ಯಾಕೆಟ್ ತಗೋ' ಅಂತಾರೆ, ಇದು ಫುಲ್‌ಮ್ಯಾಕ್. ಕೆಲವರು ಮೇಲಿನ ಕೆಲಸ ಎಲ್ಲಾ ನೀವೇ ಮಾಡ್ಕೊಳ್ಳಿ ಅಂತ ಬಿಡ್ತಾರೆ, ಇದು ಸಾಫ್ಟ್‌ಮ್ಯಾಕ್. ಕೆಲಸ ಹಂಚಿಕೊಳ್ಳೋದೇ ಬೇರೆ ಆದ್ಮೇಲೆ ಡ್ರೈವರ್ ಒಂದೇ ಇರೋದು ಹೆಂಗೆ.

2000ದ ದಶಕದಲ್ಲಂತೂ ಲಿನಕ್ಸ್ ಒಳಗೇ ಗೊಂದಲ ಇತ್ತು, ಒಂದೊಂದು ಡ್ರೈವರ್ ತನ್ನದೇ ಒಂದು ವೈಫೈ ಸ್ಟ್ಯಾಕ್ (802.11 ಕೆಲಸ ಮಾಡೋ ಕೋಡಿನ ಕಟ್ಟು) ಕಟ್ಕೊಂಡು ಬರ್ತಿತ್ತು. ಜನ ವಿಂಡೋಸಿನ ಡ್ರೈವರ್ ಫೈಲನ್ನೇ ತಂದು ಎನ್‌ಡಿಐಎಸ್‌ವ್ರ್ಯಾಪರ್ ಅನ್ನೋದ್ರಲ್ಲಿ ಸುತ್ತಿ ಲಿನಕ್ಸಲ್ಲಿ ಓಡಿಸ್ತಿದ್ರು, ನಾನೂ ಓಡ್ಸಿದೀನಿ, ಎತ್ತಿನ ಗಾಡಿಗೆ ಟ್ರ್ಯಾಕ್ಟರ್ ಚಕ್ರ ಹಾಕ್ದಂಗಿತ್ತು. 2007ರಲ್ಲಿ ಕರ್ನಲ್ 2.6.22ಕ್ಕೆ ಎಲ್ಲಾ ಡ್ರೈವರೂ ಹಂಚ್ಕೊಳ್ಳೋ ಸ್ಟ್ಯಾಕ್ ಆಗಿ ಮ್ಯಾಕ್80211 ಸೇರ್ತು, ಡಿವೈಸ್‌ಸ್ಕೇಪ್ ಅನ್ನೋ ಕಂಪನಿ ಕೊಟ್ಟ ಕೋಡಿಂದ ಬೆಳೆದಿದ್ದು. ಅದರ ಮೇಲೆ ಸಿಎಫ್‌ಜಿ80211, ಎನ್‌ಎಲ್80211. ಅಂದ್ರೆ ಮೇಲ್ಗಡೆ, ನೆಟ್‌ವರ್ಕ್ ಮ್ಯಾನೇಜರ್ ಡ್ರೈವರ್ ಜೊತೆ ಮಾತಾಡೋ ಕಡೆ, ಈಗ ಒಂದೇ ಭಾಷೆ. ಕೆಳಗಡೆ, ಚಿಪ್ಪಿನ ಕಡೆ, ಇವತ್ತಿಗೂ ನೂರೆಂಟು.

ಚಿಪ್ ಮಾಡೋರು ಡಾಕ್ಯುಮೆಂಟ್ ಕೊಟ್ಟಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಅವರು ಕೊಡ್ತಿದ್ದ ಕಾರಣ ರೇಡಿಯೋ ಕಾನೂನು. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಪವರ್ ಅನ್ನೋದು ಸಾಫ್ಟ್‌ವೇರಲ್ಲಿ ಇರೋದ್ರಿಂದ ಕೋಡ್ ಬಿಟ್ರೆ ಜನ ತಿದ್ದಿಬಿಡ್ತಾರೆ, ಸರ್ಕಾರ ನಮ್ಮನ್ನ ಹಿಡ್ಕೊಳ್ಳುತ್ತೆ ಅಂತ. ಅಥೆರಾಸಿನವರು ಬಹಳ ವರ್ಷ ಎಚ್‌ಎಎಲ್ ಅಂತ ಒಂದು ಮುಚ್ಚಿದ ತುಂಡು ಕೊಟ್ಟು ಅದರ ಸುತ್ತ ಮಾತ್ರ ಓಪನ್ ಅಂತಿದ್ರು. ಓಪನ್‌ಬಿಎಸ್‌ಡಿಯವರು (ಲಿನಕ್ಸ್ ಥರದ್ದೇ ಇನ್ನೊಂದು ಓಪನ್ ಸಿಸ್ಟಮ್ಮು) ಕೂತು ಚಿಪ್ಪಿನ ನಡವಳಿಕೆ ನೋಡಿ ನೋಡಿ ಅದಕ್ಕೆ ಬದ್ಲಿ ಬರೆದ್ರು, ಅದರಿಂದಲೇ ಲಿನಕ್ಸಿನ ಎಟಿಎಚ್5ಕೆ ಬಂತು. ಆಮೇಲೆ 2008ರಲ್ಲಿ ಅಥೆರಾಸಿನವರೇ ಎಟಿಎಚ್9ಕೆ ಡ್ರೈವರನ್ನ ಓಪನ್ ಆಗಿ ಕೊಟ್ರು, ಅದರ ಪಿಸಿಐ ಕಾರ್ಡುಗಳಿಗೆ ಫರ್ಮ್‌ವೇರ್ ಫೈಲೂ ಬೇಕಿಲ್ಲ. ನನ್ನ ಕೇಳಿದ್ರೆ ಅದರಷ್ಟು ತಣ್ಣಗೆ ಕೆಲಸ ಮಾಡೋ ವೈಫೈ ಡ್ರೈವರ್ ಇನ್ನೊಂದಿಲ್ಲ. ಬ್ರಾಡ್‌ಕಾಮ್ ಚಿಪ್ಪುಗಳಿಗೆ ಬಿ43 ಡ್ರೈವರ್ ಬರೆದೋರು ಪೂರ್ತಿ ರಿವರ್ಸ್ ಇಂಜಿನಿಯರಿಂಗ್ ಮಾಡಿದ್ದು, ಒಂದು ಗುಂಪು ಕಂಪನಿಯ ಮುಚ್ಚಿದ ಡ್ರೈವರನ್ನ ಬಿಚ್ಚಿ ನೋಡಿ ವಿವರ ಬರೀತಿತ್ತು, ಇನ್ನೊಂದು ಗುಂಪು ಅದನ್ನ ಓದಿ ಕೋಡ್ ಬರೀತಿತ್ತು. ಕಂಪನಿ ತನ್ನ ಓಪನ್ ಡ್ರೈವರ್ ಬಿಟ್ಟಿದ್ದು 2010ರ ಸೆಪ್ಟೆಂಬರ್‌ನಲ್ಲಿ, ಅದೂ ಎಲ್ಲಾ ಚಿಪ್ಪಿಗಲ್ಲ. ಇಂಟೆಲ್‌ನೋರು ಡ್ರೈವರನ್ನ ತಾವೇ ಕರ್ನಲ್‌ಗೆ ಬರೀತಾರೆ, ಫರ್ಮ್‌ವೇರ್ ಮಾತ್ರ ಮುಚ್ಚಿದ್ದೇ.

ಬೇರೆ ಓಪನ್ ಸೋರ್ಸ್ ಸಿಸ್ಟಮ್ಮುಗಳ ಪಾಡು ಇನ್ನೂ ಕಷ್ಟ. ಫ್ರೀಬಿಎಸ್‌ಡಿಯವರು ಲಿನಕ್ಸಿನ ಇಂಟೆಲ್ ಡ್ರೈವರನ್ನ ಲಿನಕ್ಸ್‌ಕೆಪಿಐ ಅನ್ನೋ ಸೇತುವೆ ಮೇಲೆ ಓಡಿಸ್ತಾರೆ. ಇನ್ನೂ ಕೆಲವರು ವೈಫೈಬಾಕ್ಸ್ ಅಂತ ಹಾಕ್ಕೊಂಡು, ಒಳಗೊಂದು ಪುಟ್ಟ ಲಿನಕ್ಸ್ ವರ್ಚುಯಲ್ ಮಿಷನ್ ಓಡಿಸಿ, ಕಾರ್ಡನ್ನ ಅದರ ಕೈಗೆ ಕೊಟ್ಟು, ಅದರಿಂದ ನೆಟ್ ತಗೋತಾರೆ! ನಾವು ಫೋನ್ ಚುಚ್ಚಿದ್ವಲ್ಲ ಅದೇ ಉಪಾಯ, ಫೋನಿನ ಬದಲು ಕಂಪ್ಯೂಟರಿನ ಹೊಟ್ಟೇಲೇ ಇನ್ನೊಂದು ಕಂಪ್ಯೂಟರ್.

ಡಾಂಗಲಿನ ಕಥೆ

ಡೆಸ್ಕ್‌ಟಾಪಿಗೆ ಅಳಿಯನ ಹತ್ರ ಎರಡು ಡಾಂಗಲ್ ಇದ್ವು. ಒಂದು ಹಳೇದು, ಇನ್ನೊಂದು ಮೈಸೂರಿಗೆ ಹೋದಾಗ ತಂದಿದ್ದು, ಅದೇ ಕಂಪನಿ, ಅದೇ ಮಾಡೆಲ್, ಅದೇ ಡಬ್ಬಿ. ಹಳೇದನ್ನ ಚುಚ್ಚಿದ್ರೆ ವೈಫೈ ಬರ್ತಿತ್ತು, ಹೊಸದನ್ನ ಚುಚ್ಚಿದ್ರೆ ಒಂದು ಸಿಡಿ ಡ್ರೈವ್ ಥರ ಕಾಣ್ತಿತ್ತು, ಒಳಗೆ ವಿಂಡೋಸ್ ಸೆಟಪ್ ಫೈಲು. "ಡೂಪ್ಲಿಕೇಟ್ ಕೊಟ್ಟವ್ನೆ" ಅಂತ ಅಂಗಡಿಯೋನಿಗೆ ಬೈತಿದ್ದ. ಡೂಪ್ಲಿಕೇಟ್ ಅಲ್ಲ. ಎಲ್‌ಎಸ್‌ಯುಎಸ್‌ಬಿ ಹೊಡೆದ್ರೆ ಎರಡರ ನಂಬರೇ ಬೇರೆ ಬೇರೆ, ಒಳಗಿನ ಚಿಪ್ಪೇ ಬೇರೆ. ಡಬ್ಬಿ ಮೇಲೆ ಎಲ್ಲೋ ಮೂಲೇಲಿ ವರ್ಷನ್ ಅಂತ ಇರುವೆ ಗಾತ್ರದಲ್ಲಿ ಬರ್ದಿರ್ತಾರೆ. ಕಂಪನಿ ಹೆಸರು ಬೇಡ, ಈ ಕೆಲಸ ಸುಮಾರು ಎಲ್ಲಾ ಬ್ರಾಂಡಿನೋರೂ ಮಾಡ್ತಾರೆ, ಯಾವ ಚಿಪ್ ಸಸ್ತಾ ಸಿಗುತ್ತೋ ಅದು, ವಿಂಡೋಸಿಗೆ ಡ್ರೈವರ್ ಕೊಟ್ರೆ ಅವರ ಜವಾಬ್ದಾರಿ ಮುಗೀತು.

ಸಿಡಿ ವೇಷದ ವಿಷ್ಯ: ಈಗಿನ ಎಷ್ಟೋ ಡಾಂಗಲ್‌ಗಳು ಮೊದ್ಲು ಡಿಸ್ಕ್ ಥರ ಕಾಣಿಸ್ಕೊಂಡು ವಿಂಡೋಸ್ ಡ್ರೈವರ್ ಹಾಕಿಸ್ಕೊಂಡು ಆಮೇಲೆ ವೈಫೈ ಆಗಿ ಬದ್ಲಾಗ್ತವೆ. ರಿಯಲ್‌ಟೆಕ್ ಚಿಪ್ಪಿನ ಬಹಳಷ್ಟು ಡಾಂಗಲ್ ಡಿಸ್ಕ್ ವೇಷದಲ್ಲಿದ್ದಾಗ 0ಬಿಡಿಎ ಕೋಲನ್ 1ಎ2ಬಿ ಅಂತ ತೋರಿಸುತ್ತೆ. ಲಿನಕ್ಸಲ್ಲಿ ಯುಎಸ್‌ಬಿ-ಮೋಡ್‌ಸ್ವಿಚ್ ಅನ್ನೋ ಪ್ಯಾಕೇಜ್ ಹಾಕಿದ್ರೆ ವೇಷ ಕಳಚುತ್ತೆ, ಕೆಲವೊಮ್ಮೆ ಫೈಲ್ ಮ್ಯಾನೇಜರಲ್ಲಿ ಆ ಸಿಡಿನ ಇಜೆಕ್ಟ್ ಮಾಡಿದ್ರೇ ಸಾಕು. ಕಳಚಿದ ಮೇಲೆ ಮತ್ತೆ ಎಲ್‌ಎಸ್‌ಯುಎಸ್‌ಬಿ ಹೊಡೀರಿ, ಆಗ ಸಿಗೋ ನಂಬರೇ ಅಸಲಿ.

ವೇಷ ಕಳಚಿಸಿದ್ವಿ, ಅಸಲಿ ನಂಬರ್ ಸಿಕ್ತು, ಆದ್ರೂ ವೈಫೈ ಇಲ್ಲ. ಈಗ ಡಿ-ಮೆಸೇಜ್, ಅಂದ್ರೆ ಕರ್ನಲ್ ಬರೆದಿಡೋ ದಿನಚರಿ ನೋಡ್ಬೇಕು, ಸುಡೋ ಡಿ-ಎಂ-ಇ-ಎಸ್-ಜಿ. ಅಲ್ಲಿ 'ಡೈರೆಕ್ಟ್ ಫರ್ಮ್‌ವೇರ್ ಲೋಡ್' ಅಂತ ಶುರುವಾಗಿ 'ಫೇಲ್ಡ್ ವಿತ್ ಎರರ್ ಮೈನಸ್ 2' ಅಂತ ಮುಗಿಯೋ ಸಾಲು ಸಿಕ್ರೆ, ಡ್ರೈವರ್ ಇದೆ, ಫರ್ಮ್‌ವೇರ್ ಫೈಲ್ ಮಾತ್ರ ಇಲ್ಲ ಅಂತರ್ಥ, ಮೈನಸ್ 2 ಅಂದ್ರೆ ಫೈಲೇ ಇಲ್ಲ ಅಂತ. ಮಿಂಟ್, ಉಬುಂಟುನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ. ಡೆಬಿಯನ್ ಹಳೇದಾದ್ರೆ ನಾನ್-ಫ್ರೀ ಸೇರಿಸ್ಕೋಬೇಕು, 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೇಲೇ ಕೊಡ್ತಿದಾರೆ. ಎಚ್ಚರ, ಒಂದೊಂದು ಸಲ ಡ್ರೈವರು ಹೊಸ ನಂಬರಿನ ಫೈಲ್ ಹುಡುಕಿ ಸಿಗ್ದೆ ಮೈನಸ್ 2 ಅಂತ ಬೈಕೊಂಡು ಆಮೇಲೆ ಹಳೇ ಫೈಲ್ ತಗೊಂಡು ಆರಾಮಾಗಿ ಓಡುತ್ತೆ, ಹಂಗಾಗಿ ಆ ಸಾಲಿನ ಕೆಳಗಿನ ನಾಲ್ಕು ಸಾಲೂ ಓದಿ.

ನಮ್ಮದ್ರಲ್ಲಿ ಆ ಸಾಲೂ ಇರ್ಲಿಲ್ಲ. ಡಿಮೆಸೇಜ್‌ನಲ್ಲಿ ಯುಎಸ್‌ಬಿ ಡಿವೈಸ್ ಬಂತು ಅಂತ ಇದೆ, ಆಮೇಲೆ ಮೌನ. ಈ ಮೌನಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ, ಕರ್ನಲ್‌ನಲ್ಲಿ ಆ ಚಿಪ್ಪಿನ ಭಾಷೆ ಬರೋರು ಯಾರೂ ಇಲ್ಲ. ಕರ್ನಲ್ ನಂಬರ್ ಕೇಳೋಕೆ ಯು-ನೇಮ್ ಮೈನಸ್ ಆರ್ ಹೊಡೆದೆ, 5.15 ಅಂತು. ಆಗ ಗೊತ್ತಾಯ್ತು, ಅಳಿಯ ಬಳಸಿದ ನನ್ನ ಪೆನ್‌ಡ್ರೈವಲ್ಲಿ ಇದ್ದಿದ್ದು ಮಿಂಟ್ 21, 2022ರದ್ದು. ಈ ಜಾತಿ ಯುಎಸ್‌ಬಿ ಚಿಪ್ಪುಗಳಿಗೆ, ಆರ್‌ಟಿಡಬ್ಲ್ಯು88 ಡ್ರೈವರ್ ಕುಟುಂಬದೋರಿಗೆ, ಕರ್ನಲ್ ಒಳಗೇ ಯುಎಸ್‌ಬಿ ಸಪೋರ್ಟ್ ಬಂದಿದ್ದು 6.2ರಲ್ಲಿ, 2023ರ ಫೆಬ್ರವರಿ. ಅಂದ್ರೆ ತಪ್ಪು ಡಾಂಗಲಿಂದೂ ಅಲ್ಲ, ಅಂಗಡಿಯೋನದೂ ಅಲ್ಲ, ನನ್ನ ಹಳೇ ಪೆನ್‌ಡ್ರೈವಿಂದು. ಇದನ್ನ ಅಳಿಯನ ಮುಂದೆ ಒಪ್ಕೊಳ್ಳೋಕೆ ಸ್ವಲ್ಪ ಹೊತ್ತು ಹಿಡೀತು.

ಎರಡು ದಾರಿ ಇತ್ತು. ಗಿಟ್‌ಹಬ್‌ನಿಂದ ಯಾರೋ ಪುಣ್ಯಾತ್ಮ ಇಟ್ಟಿರೋ ಡ್ರೈವರ್ ತಂದು ಕಟ್ಟೋದು, ಇಲ್ಲ ಕರ್ನಲ್ ಹೊಸದು ಮಾಡೋದು. ಇಂಟರ್‌ನೆಟ್ಟಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲನೇದು ಹೇಳ್ತಾರೆ, ನಾನು ಅದನ್ನ ಕೊನೇಗೆ ಇಡ್ತೀನಿ. ಕಾರಣ ಇದೆ. ಕರ್ನಲ್ ಬರೆಯೋರು ಒಳಗಿನ ಎಪಿಐ (ಡ್ರೈವರು ಕರ್ನಲ್ ಜೊತೆ ಮಾತಾಡೋ ರೀತಿ) ಸ್ಥಿರವಾಗಿ ಇಡ್ತೀವಿ ಅಂತ ಯಾವತ್ತೂ ಮಾತು ಕೊಟ್ಟಿಲ್ಲ, ಕೊಡೋದೂ ಇಲ್ಲ. ಕರ್ನಲ್ ನೋಡ್ಕೊಳ್ಳೋರಲ್ಲಿ ಒಬ್ಬರಾದ ಗ್ರೆಗ್ ಕ್ರೋ-ಹಾರ್ಟ್‌ಮನ್ ಅದನ್ನ ಕರ್ನಲ್ ಡಾಕ್ಯುಮೆಂಟೇಶನ್ ಒಳಗೇ ಬರೆದಿಟ್ಟಿದಾರೆ, ಡ್ರೈವರ್ ಕರ್ನಲ್ ಮರದ ಒಳಗಿದ್ರೆ ಎಪಿಐ ಬದಲಾಯಿಸೋರೇ ಅದನ್ನೂ ಸರಿ ಮಾಡ್ತಾರೆ, ಹೊರಗಿದ್ರೆ ನಿಮ್ಮ ಪಾಡು ಅನ್ನೋದು ಅವರ ವಾದ. ಕಂಪನಿಗಳು ಬಿಸಾಕೋ ಡ್ರೈವರ್ ಕೋಡು ಎಲ್ಲಾ ಸಿಸ್ಟಮ್ಮಿಗೂ ಒಂದೇ ಇರ್ಲಿ ಅಂತ ತನ್ನದೇ ವೈಫೈ ಸ್ಟ್ಯಾಕ್ ಹೊತ್ಕೊಂಡು ಬರುತ್ತೆ, ಮ್ಯಾಕ್80211 ಮುಟ್ಟೋದೇ ಇಲ್ಲ, ಅದನ್ನ ಕರ್ನಲ್‌ನೋರು ಒಳಗೆ ಬಿಟ್ಕೊಳ್ಳಲ್ಲ. ಹಂಗಾಗಿ ಅದು ಹೊರಗೇ ಉಳಿಯುತ್ತೆ, ಒಂದಿನ ಅಪ್‌ಡೇಟ್ ಬರುತ್ತೆ, ಕರ್ನಲ್ ಬದ್ಲಾಗುತ್ತೆ, ವೈಫೈ ಮಾಯ. ಇಬ್ಬರ ವಾದದಲ್ಲೂ ನ್ಯಾಯ ಇದೆ, ಆದ್ರೆ ಸ್ಕಾಲರ್‌ಶಿಪ್ ಕೊನೇ ದಿನ ಅಂಗಡಿ ಮುಂದೆ ಇಪ್ಪತ್ತು ಹುಡುಗ್ರು ನಿಂತಿರೋವಾಗ ಮಾಯ ಆದ್ರೆ ನ್ಯಾಯ ಕೇಳೋರ್ಯಾರು.

ಬೇರೆ ದಾರಿ ಇಲ್ಲ ಅಂದಾಗ ಮಾತ್ರ ಹೊರಗಿನ ಡ್ರೈವರ್ ಹಾಕಿ, ಹಾಕೋವಾಗ ಡಿಕೆಎಂಎಸ್ ಮೂಲಕವೇ ಹಾಕಿ, ಆಗ ಕರ್ನಲ್ ಬದ್ಲಾದಾಗೆಲ್ಲ ತಾನೇ ಮತ್ತೆ ಕಟ್ಕೊಳ್ಳುತ್ತೆ. ಅಪ್‌ಡೇಟ್ ಆದ್ಮೇಲೆ ವೈಫೈ ಹೋದ್ರೆ ಗಾಬರಿ ಬೇಡ, ಬೂಟ್ ಆಗೋವಾಗ ಗ್ರಬ್ ಮೆನುನಲ್ಲಿ ಅಡ್ವಾನ್ಸ್ಡ್ ಒಳಗೆ ಹೋಗಿ ಹಳೇ ಕರ್ನಲ್ ಆರಿಸಿ, ಅವತ್ತಿನ ಕೆಲಸ ಮುಗಿಸಿ, ರಾತ್ರಿ ಕೂತು ನೋಡಿ.

ನಾವು ಎರಡನೇ ದಾರಿ ಹಿಡಿದ್ವಿ. ಮಿಂಟ್ 22 ಇಳಿಸಿ ಹೊಸದಾಗಿ ಹಾಕಿದ್ವಿ, ಅದರ ಕರ್ನಲ್ 6.8. ಹೊಸ ಡಾಂಗಲ್ ಚುಚ್ಚಿದ್ವಿ. ಏನೂ ಮಾಡ್ಲಿಲ್ಲ, ಸುಮ್ನೆ ಬಂತು.

ಬಂತು, ಆದ್ರೆ ಓನರ್ ರೂಟರ್ ಕಾಣಲ್ಲ

ಪಕ್ಕದ ಬೇಕರಿ ವೈಫೈ ಕಾಣುತ್ತೆ, ಎದುರು ಮೆಡಿಕಲ್‌ದೂ ಕಾಣುತ್ತೆ, ಮೇಲಿನ ಮಹಡಿ ಓನರ್ ಮನೇದು ಕಾಣಲ್ಲ, ಅಳಿಯ ತಿಂಗಳಿಗೆ ದುಡ್ಡು ಕೊಡೋದು ಅದಕ್ಕೇ. ಹಿಂಗಾದ್ರೆ ಡ್ರೈವರನ್ನ ಬಿಡಿ, ದೇಶ ನೋಡಿ. ಐ-ಡಬ್ಲ್ಯು, ರೆಗ್, ಗೆಟ್ ಅಂತ ಹೊಡೀರಿ. ಕಂಟ್ರಿ 00 ಅಂತ ಬಂದ್ರೆ ಕಾರ್ಡಿಗೆ ತಾನು ಯಾವ ದೇಶದಲ್ಲಿದೀನಿ ಅಂತ ಗೊತ್ತಿಲ್ಲ, ಹಂಗಾಗಿ 12, 13ನೇ ಚಾನೆಲ್‌ನಲ್ಲಿ ಬಾಯಿ ಬಿಡಲ್ಲ, ಬರೀ ಕಿವಿಗೊಟ್ಟು ಕೂರುತ್ತೆ. ಅಮೆರಿಕ ಅಂತ ಇದ್ರೆ ಅದೂ ಇಲ್ಲ, ಆ ಚಾನೆಲ್ಲಿನ ರೂಟರ್ ಕಾಣೋದೇ ಇಲ್ಲ. ಓನರ್ ರೂಟರ್ 13ರಲ್ಲಿ ಕೂತಿತ್ತು. ಸುಡೋ ಹಾಕಿ ಐ-ಡಬ್ಲ್ಯು ರೆಗ್ ಸೆಟ್ ಐಎನ್ (ಐಎನ್ ಮಾತ್ರ ದೊಡ್ಡಕ್ಷರ) ಅಂತ ಕೊಟ್ರೆ ನಮ್ಮ ದೇಶದ ರೂಲ್ಸ್ ಬರುತ್ತೆ, ಕೆಲವು ಕಾರ್ಡ್ ಇದನ್ನೂ ಕೇಳಲ್ಲ, ಫರ್ಮ್‌ವೇರಲ್ಲಿ ಬರ್ದಿದ್ದೇ ವೇದವಾಕ್ಯ. ಸುಲಭದ ದಾರಿ ರೂಟರಲ್ಲಿ ಚಾನೆಲ್ಲನ್ನ ಆಟೋ ತೆಗೆದು 1, 6, 11ರಲ್ಲಿ ಒಂದಕ್ಕೆ ಇಡೋದು. ಓನರ್ ಒಪ್ಪಿದ್ರು, ಕಾಫಿ ಪುಡಿ ಒಂದು ಪ್ಯಾಕೆಟ್ ಖರ್ಚು.

ಕನೆಕ್ಟ್ ಆಗಿ ಹತ್ತು ನಿಮಿಷಕ್ಕೊಂದ್ಸಲ ಬಿಟ್ಟು ಬಿಟ್ಟು ಹೋಗ್ತಿದ್ರೆ ಬಹಳ ಸಲ ಪವರ್ ಸೇವ್. ಇಟಿಸಿ ಫೋಲ್ಡರಲ್ಲಿ ನೆಟ್‌ವರ್ಕ್‌ಮ್ಯಾನೇಜರ್, ಅದರೊಳಗೆ ಕಾನ್ಫ್ ಡಾಟ್ ಡಿ, ಅಲ್ಲಿರೋ ಫೈಲಲ್ಲಿ ವೈಫೈ ಪವರ್‌ಸೇವ್ 3 ಅಂತ ಇರೋದನ್ನ 2 ಮಾಡಿ ರೀಸ್ಟಾರ್ಟ್ ಮಾಡಿ.

ಯಾರನ್ನಾದ್ರೂ ಸಹಾಯ ಕೇಳೋದಾದ್ರೆ ಚಿಪ್ಪಿನ ಎಂಟಕ್ಷರದ ನಂಬರು, ಯುನೇಮ್ ಮೈನಸ್ ಆರ್ ಉತ್ತರ, ಡಿಮೆಸೇಜ್‌ನಲ್ಲಿ ಆ ಡ್ರೈವರ್ ಹೆಸರಿರೋ ಸಾಲುಗಳು, ಇಷ್ಟು ಕೊಡಿ. 'ಎಂಥಾ ಲ್ಯಾಪ್‌ಟಾಪು' ಅಂತ ಯಾರಾದ್ರೂ ಮೊದ್ಲು ಕೇಳಿದ್ರೆ ಅವರಿಗೂ ಗೊತ್ತಿಲ್ಲ ಅಂತ ತಿಳ್ಕೊಳ್ಳಿ.

ಅಂಗಡೀಲಿ ಈಗ ಎರಡೂ ಡಾಂಗಲ್ ಮೇಲೆ ಬಿಳಿ ಟೇಪ್ ಅಂಟಿಸಿ ಚಿಪ್ ನಂಬರ್ ಬರ್ದಿದೀವಿ, ಲ್ಯಾಪ್‌ಟಾಪಿನ ತಳದಲ್ಲೂ ಒಂದು ಚೀಟಿ, ಅದರ ಕೆಳಗೆ ಅಳಿಯನ ಕೈಬರಹದಲ್ಲಿ ದೊಡ್ಡದಾಗಿ: 'ನೀಲಿ ಪರದೆ ಬಂದ್ರೆ ಕಂಟಿನ್ಯೂ ಒತ್ಬಾರ್ದು'. ನನ್ನ ಹಳೇ ಪೆನ್‌ಡ್ರೈವನ್ನ ಅವನೇ ಇಟ್ಕೊಂಡ, ಗಿರಾಕಿಗಳ ಫೋಟೋ ಹಾಕ್ಕೊಡೋಕೆ.